ಚೂಪುಮೂತಿ, ಚಪ್ಪಟೆಮೂತಿ

ಹುಣಸೂರು ಸಂತೆಗೆ ಕೇರಳದಿಂದ ಎರಡು ಜಾತಿಯ ಒಣಗಿಸಿದ ಸಣ್ಣ ಶಾರ್ಕ್ ಮೀನುಗಳು ಬರುತ್ತಿದ್ದವು. ಒಂದರ ಮೂತಿ ಚೂಪು, ಇನ್ನೊಂದರದು ಚಪ್ಪಟೆ. ಚೂಪುಮೂತಿಯ ಸಾರು ಉಂಡರೆ ಬಾಣಂತಿಗೆ ಹಾಲು ಹೆಚ್ಚುತ್ತದೆ, ಚಪ್ಪಟೆಮೂತಿ ಬರೀ ನಂಜು ಎಂಬುದು ಸಮುದ್ರವನ್ನೇ ಕಾಣದ ನಮ್ಮಜ್ಜಿಯ ತೀರ್ಪು.

ಅರವತ್ತರ ದಶಕದ ಕೊನೆಯಲ್ಲಿ ಅಕ್ಕ ಬಾಣಂತನಕ್ಕೆ ಹನಗೋಡಿನ ನಮ್ಮ ಮನೆಗೆ ಬಂದಳು. ಎದೆಹಾಲು ಬತ್ತಿತು; ತಿಂಗಳು ತುಂಬುವ ಮೊದಲೇ ಮಗು ಸತ್ತಿತು. ಅಜ್ಜಿ ಒಣಮೀನಿನ ಬುಟ್ಟಿ ಕೆದಕಿ, ಒಂದು ಚಪ್ಪಟೆಮೂತಿಯನ್ನು ಎತ್ತಿ ಹಿಡಿದು, ಸಾವಿಗೆ ಬಂದಿದ್ದ ಹೆಂಗಸರಿಗೆಲ್ಲ ತೋರಿಸಿದಳು.

"ಇದ್ನ ತಿಂದು ಕೂಸ್ನೇ ನುಂಗ್ಕಂಡ್ಲು ಕಣ್ರವ್ವಾ!"

ಆ ಮಾತು ಅಕ್ಕನಿಗೆ ಅಂಟಿಕೊಂಡಿತು. ಮೀನು ಆರಿಸಿ ತಂದು ಸಾರು ಕಾಯಿಸಿದ್ದು ಅಜ್ಜಿಯೇ ಎಂದು ಹೇಳಲು ಮನೆಯಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಾನೂ ಅಕ್ಕನೂ ಕಣ್ಣೂರಿಗೆ ಹೋಗಿದ್ದಾಗ, ಕಡಲ ದಡದಲ್ಲಿ ಆ ಎರಡೂ ಜಾತಿಯ ಮೀನುಗಳನ್ನು ಸೀಳುತ್ತಿದ್ದರು. ಮೊಟ್ಟೆಯಿಡದೆ ಮರಿ ಹಾಕುವ ಮೀನುಗಳವು; ಎರಡರ ಹೊಟ್ಟೆಯಲ್ಲೂ ಹೊಕ್ಕುಳಬಳ್ಳಿಗೆ ಅಂಟಿದ ಮರಿಗಳಿದ್ದವು. ಈಗ ಎರಡೂ ಅಳಿಯುತ್ತಿವೆ ಎಂದು ಓದುತ್ತೇನೆ. ಅಳಿಯದೆ ಇನ್ನೇನು ಮಾಡಿಯಾವು?

ಅಕ್ಕ ಬಗ್ಗಿ ಒಂದು ಮರಿಯನ್ನು ಬೆರಳಿನಿಂದ ಮುಟ್ಟಿದಳು.

"ಬಸುರೀರ್ನ ಸೀಳಿ ಬಾಣಂತೀರ್ಗೆ ಉಣ್ಸವ್ರೆ ಕಣ್ಲಾ," ಎಂದಳು. "ನುಂಗ್ದೋಳು ಮಾತ್ರ ನಾನಂತೆ."