ಮಗ್ಗ ಶುರುವಾಗುವ ಮೊದಲು ಎರಡು ಚಿತ್ರ

ದೊಡ್ಡಬಳ್ಳಾಪುರದ ಆ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ಗೋಡೆಯಾಚೆ ಕೊಂಡಪ್ಪನವರ ಮಗ್ಗದ ಶೆಡ್ಡು ಬಾಗಿಲು ಹಾಕಿಕೊಂಡು ಮಲಗಿದೆ. ಹೊಸಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು, ಭಾನುಪ್ರಿಯಾ ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಗೇಮೊಂದರ ಬೆಟ್ಟದ ಊರು. ಏರು ರಸ್ತೆ, ವಿದ್ಯುತ್ ಕಂಬಗಳು, ತಂತಿಯ ಮೇಲೊಂದು ಹಕ್ಕಿ. ಅವರು ಯಾರನ್ನೂ ಹೊಡೆದು ಉರುಳಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಮೌಸನ್ನು ಮೆಲ್ಲಗೆ ಎಡದಿಂದ ಬಲಕ್ಕೆ ಸರಿಸುತ್ತಾ ತಂತಿಗಳನ್ನೇ ದಿಟ್ಟಿಸುತ್ತಾರೆ. ನಡುನಡುವೆ ಬೀದಿಯ ಕಡೆ ಕಿವಿ ಕೊಡುತ್ತಾರೆ.

ಗಂಡ ಶ್ರೀಧರ್ ಸೋಂಪುರದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬರಬೇಕು. ಮಗ್ಗಗಳು ಶುರುವಾಗುವುದರೊಳಗೆ ಬರಬೇಕು. “ಮಂಜು ಬಿದ್ದಿದೆ ಇವತ್ತು. ಬಸ್ಸು ತೆವಳ್ಕೊಂಡ್ ಬರ್ತಿರತ್ತೆ” ಎನ್ನುತ್ತಾರೆ ಭಾನುಪ್ರಿಯಾ.

ಹಗಲು ಅವರ ಕೆಲಸ ಸೀರೆ ಗೋಡೌನಿನಲ್ಲಿ. ಮಗ್ಗದಿಂದ ಇಳಿದ ಸೀರೆಯನ್ನು ಟ್ಯೂಬ್‌ಲೈಟಿನ ಮೇಲೆ ಎಳೆಯುತ್ತಾ ಹರಿದ ಎಳೆ, ತಪ್ಪಿದ ಬುಟ್ಟಾ ಹುಡುಕುವುದು. ಮುಂಜಾನೆಯ ಕೆಲಸ ಅದಕ್ಕಿಂತ ದೂರದ್ದೇನಲ್ಲ. ಹಳೆಯ ಕಂಪ್ಯೂಟರುಗಳಿಗೆ ಹೊಸ ಗೇಮುಗಳ ಭಾರ ಹೊರಲಾಗುವುದಿಲ್ಲ. ಹಾಗಾಗಿ ಅವು ಚಿತ್ರವನ್ನು ಚಿಕ್ಕದಾಗಿ ಬಿಡಿಸಿ, ಪರದೆಯ ಅಳತೆಗೆ ಹಿಗ್ಗಿಸಿ, ನಡುವಿನ ಖಾಲಿಯನ್ನು ಊಹೆಯಿಂದ ತುಂಬುತ್ತವೆ. ಇದು ಅಪ್‌ಸ್ಕೇಲಿಂಗ್. ಊಹಿಸುವ ವಿಧಾನಗಳು ಹತ್ತಾರು. ಯಾವ ಗೇಮಿಗೆ, ಯಾವ ಹಳೆಯ ಯಂತ್ರಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿ, ಭಾನುಪ್ರಿಯಾ ಫೋನಿನ ಗುಂಪೊಂದರಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆಯುತ್ತಾರೆ. ಆ ಗುಂಪಿನಲ್ಲಿರುವವರೆಲ್ಲ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನವರೇ.

“ನಿಂತಿರೋ ಚಿತ್ರ ಯಾವತ್ತೂ ಚೆನ್ನಾಗೇ ಕಾಣತ್ತೆ” ಎನ್ನುತ್ತಾರೆ ಅವರು. “ಮಡಿಸಿಟ್ಟ ಸೀರೆ ಥರ. ಎಳೀಬೇಕು, ಆಗ್ಲೇ ಬಣ್ಣ ಬಯಲಾಗೋದು. ಈ ಹಕ್ಕಿ ಹಾರ್ತದಲ್ಲ, ನೋಡಿ. ಅದು ಮುಂದೆ ಹೋಗ್ಬಿಟ್ಟಿದೆ. ಮಷಿನ್ನಿಗೆ ಮಾತ್ರ ಹಿಂದಿನ ಚಿತ್ರದ್ದೇ ನೆನಪು. ಹಕ್ಕಿ ಇದ್ದ ಜಾಗದಲ್ಲಿ ಇನ್ನೂ ಒಂಚೂರು ಮಬ್ಬು ಹಿಡ್ಕೊಂಡಿರತ್ತೆ, ಬಿಡಲ್ಲ.”

ಈ ಹುಚ್ಚು ಹಚ್ಚಿದ್ದು ಶ್ರೀಧರ್. ಮದುವೆಯಾದ ಹೊಸದರಲ್ಲಿ ಇಬ್ಬರೂ ಎಸ್‌.ಪಿ. ರೋಡಿನ ಅಂಗಡಿಗಳನ್ನು ಸುತ್ತಿ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರು ಇದು. ಸೂಪರ್‌ಸ್ಯಾಂಪ್ಲಿಂಗ್ ಅಂದರೆ ಅಪ್‌ಸ್ಕೇಲಿಂಗಿನ ತಿರುವುಮುರುವು. ಪರದೆಗಿಂತ ದೊಡ್ಡ ಚಿತ್ರ ಬಿಡಿಸಿ, ಅದನ್ನು ಒತ್ತಾಗಿ ಚಿಕ್ಕದು ಮಾಡುವುದು. ಒಮ್ಮೆ ಅದನ್ನೂ ಹಾಕಿ ನೋಡಿದ್ದರು. ಯಂತ್ರ ಏದುಸಿರು ಬಿಡುತ್ತಾ ಒಂದೊಂದೇ ಚಿತ್ರ ತಂದಿತು. ಆಟವಾಡಲು ಬರುವಂತಿರಲಿಲ್ಲ. ಆದರೆ ಪ್ರತಿ ತಂತಿಯೂ ನೂಲು ಹಿಡಿದಂತೆ ನೆಟ್ಟಗಿತ್ತು. ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಅದನ್ನೇ ನೋಡಿದರು. “ಕಾಫಿ ಆರಿಹೋಗಿತ್ತು” ಎಂದು ಭಾನುಪ್ರಿಯಾ ನಗುತ್ತಾರೆ. “ಅವತ್ತು ಇವ್ರಿಗೂ ಎಲ್ಲೂ ಹೋಗೋದಿರ್ಲಿಲ್ಲ, ನಂಗೂ ಇರ್ಲಿಲ್ಲ.”

ಈ ಕೆಲಸಕ್ಕೆ ಇಬ್ಬರು ಬೇಕು. ಯಾವ ಸೆಟ್ಟಿಂಗ್ ಎಂದು ಮೊದಲೇ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಅದಕ್ಕೇ ಭಾನುಪ್ರಿಯಾ ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಶ್ರೀಧರ್ ಕೂತು ಸೆಟ್ಟಿಂಗ್ ಬದಲಿಸಿಯೋ, ಬದಲಿಸದೆಯೋ “ತಿರುಗು” ಅನ್ನುತ್ತಾರೆ. ಭಾನುಪ್ರಿಯಾ ತಿರುಗಿ ನೋಡಿ ಯಾವುದೆಂದು ಹೇಳಬೇಕು. ಒಂದು ಸಲ ಸರಿಯಾದರೆ ಅದೃಷ್ಟ. ಸಾಲಾಗಿ ಹಲವು ಸಲ ಸರಿಯಾದರೆ ಮಾತ್ರ ವ್ಯತ್ಯಾಸ ನಿಜ. ಶ್ರೀಧರ್ ಮುಖದಲ್ಲಿ ಮಾತ್ರ ಗುಟ್ಟು ನಿಲ್ಲುವುದಿಲ್ಲ. ಪರದೆಯ ಗಾಜಿನಲ್ಲಿ ಅವರ ತುಟಿ ಅಲುಗುವುದು ಕಂಡರೂ ಹೆಂಡತಿಗೆ ಉತ್ತರ ಸಿಕ್ಕಿಬಿಡುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಶ್ರೀಧರ್ ತಲೆಯ ಮೇಲಿಂದ ಟವೆಲ್ ಹೊದ್ದು ಕೂರಬೇಕು.

ಮುಂಜಾನೆಯೇ ಏಕೆ? ಅದರ ಹಿಂದೊಂದು ಎಡವಟ್ಟಿದೆ. ಹಿಂದೆ ಒಂದು ಗೇಮಿಗೆ ‘ಈ ಸೆಟ್ಟಿಂಗ್ ಬೇಡ, ತಂತಿಗಳು ನಡುಗುತ್ತವೆ’ ಎಂದು ಬರೆದಿದ್ದರು. ನೆಲಮಂಗಲದಲ್ಲಿ ಹಳೆಯ ಕಂಪ್ಯೂಟರುಗಳ ಗೇಮಿಂಗ್ ಸೆಂಟರ್ ನಡೆಸುವ ರವಿಚಂದ್ರ ಫೋನ್ ಮಾಡಿದರು. “ಅಕ್ಕಾ, ನಮ್ಮಲ್ಲಿ ಏನೂ ನಡುಗ್ತಿಲ್ವಲ್ಲ?” ಮತ್ತೆ ಮತ್ತೆ ನೋಡಿದ ಮೇಲೆ ತಿಳಿಯಿತು: ನಡುಗುತ್ತಿದ್ದದ್ದು ಚಿತ್ರವಲ್ಲ, ಮೇಜು. ಗೋಡೆಯಾಚೆ ಕೊಂಡಪ್ಪನವರ ಮಗ್ಗಗಳು ಓಡುತ್ತಿದ್ದವು. ತಪ್ಪನ್ನು ಗುಂಪಿನಲ್ಲೇ ಒಪ್ಪಿಕೊಂಡರು. ಕೊಂಡಪ್ಪ ಈಗಲೂ ಕಂಡಾಗೆಲ್ಲ ಕಿಚಾಯಿಸುತ್ತಾರೆ: “ಏನಮ್ಮಾ, ನನ್ ಮಗ್ಗಕ್ಕೂ ಒಂದ್ ಸೆಟ್ಟಿಂಗ್ ಹೇಳ್ಬಾರ್ದಾ?”

ಅಂದಿನಿಂದ ಮಗ್ಗ ಏಳುವ ಮುಂಚಿನ ಹೊತ್ತೇ ಗತಿ. ಯುಗಾದಿಯಿಂದೀಚೆಗೆ ಶ್ರೀಧರ್‌ಗೆ ರಾತ್ರಿಪಾಳಿ. ಅವರು ಬರುವಾಗ ಇವರು ಹೊರಡುವ ತಯಾರಿ. ಇವರು ಎದ್ದ ಹಾಸಿಗೆಯಲ್ಲಿ ಅವರು ಮಲಗುತ್ತಾರೆ. ಉಳಿದಿರುವುದು ಅವರ ವಾರದ ರಜೆಯ ಬುಧವಾರವೊಂದೇ. ಚಿತ್ರಗಳನ್ನು ತಾನಾಗಿ ಅದಲುಬದಲು ಮಾಡುವ ಪ್ರೋಗ್ರಾಮನ್ನು ಗುಂಪಿನವರೊಬ್ಬರು ಕಳಿಸಿದ್ದರು. “ಚೆನ್ನಾಗೇ ಇತ್ತು. ಆದ್ರೆ ಅದು ‘ಯಾಕೆ ಹಂಗಂದೆ?’ ಅಂತ ಕೇಳಲ್ವಲ್ಲ” ಎನ್ನುತ್ತಾರೆ ಭಾನುಪ್ರಿಯಾ. ಹಗಲುಪಾಳಿ ಕೇಳಿ ಶ್ರೀಧರ್ ಸೂಪರ್‌ವೈಸರನ್ನು ಮೂರು ಸಲ ಕಂಡಿದ್ದಾರೆ. “ನೋಡೋಣ” ಎಂಬುದೇ ಮೂರು ಸಲದ ಉತ್ತರ.

ಇವತ್ತು ಶನಿವಾರ. ಈ ಬೆಟ್ಟದ ಊರಿನ ಗೇಮಿಗೆ ಹೊಸ ಅಪ್‌ಸ್ಕೇಲಿಂಗ್ ಬಂದಿದೆ. ಹಳೆಯದನ್ನೇ ಉಳಿಸಲೋ, ಹೊಸದಕ್ಕೆ ಬದಲಿಸಲೋ ಎಂದು ರವಿಚಂದ್ರ ಕೇಳಿದ್ದಾರೆ. ಸೆಂಟರ್ ತೆರೆಯುವುದರೊಳಗೆ ಉತ್ತರ ಬೇಕು.

ಗೇಟು ಕಿರುಗುಟ್ಟುತ್ತದೆ. ಶ್ರೀಧರ್ ಒಳಬರುತ್ತಾರೆ, ಕಣ್ಣು ಕೆಂಪು, ತಲೆಗೂದಲ ಮೇಲೆ ಮಂಜಿನ ಹನಿ.

“ಮಲಗ್ರೀ, ಬೇಡ. ಬುಧವಾರ ನೋಡಿದ್ರಾಯ್ತು.”

“ಸುಮ್ನಿರೇ. ಬಸ್ಸಲ್ಲಿ ನಿದ್ದೆ ಆಗಿದೆ.”

“ಸುಳ್ಳು ಹೇಳೋಕೂ ಬರಲ್ಲ ನಿಮ್ಗೆ.”

“ಅದಕ್ಕೇ ತಾನೆ ಟವೆಲ್ಲು? ಕೊಡು ಇಲ್ಲಿ, ತಿರುಗ್ಕೋ ಆ ಕಡೆ.”

ಭಾನುಪ್ರಿಯಾ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದು, ಕೀಲಿಮಣೆಯ ಟಿಕ್ ಟಿಕ್. ಆಮೇಲೆ ಅದೂ ನಿಲ್ಲುತ್ತದೆ. ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ಅವರು ಕಾಯುತ್ತಾರೆ.

“ಆಯ್ತಾ?”

ಗೋಡೆಯನ್ನೇ ನೋಡುತ್ತಾ ಅವರು ಮತ್ತೆ ಕೇಳುತ್ತಾರೆ.

“ರೀ, ತಿರುಗ್ಲಾ?”

ತಿರುಗಿದರೆ ಟವೆಲಿನ ಅಡಿಯಲ್ಲಿ ಶ್ರೀಧರ್ ನಿದ್ದೆ ಹೋಗಿದ್ದಾರೆ. ಬೆರಳು ಕೀಲಿಯ ಮೇಲೇ ಇದೆ. ಪರದೆಯಲ್ಲಿ ಬೆಟ್ಟದ ಊರು, ತಂತಿಗಳು ನೆಟ್ಟಗಿವೆ. ಹಕ್ಕಿ ಹಾರುತ್ತದೆ, ಹಿಂದೆ ಮಬ್ಬು ಉಳಿಯುವುದಿಲ್ಲ.

“ಹೊಸದು” ಎಂದು ಭಾನುಪ್ರಿಯಾ ಪಿಸುಗುಡುತ್ತಾರೆ. ಸರಿಯೋ ತಪ್ಪೋ ಹೇಳುವವರಿಲ್ಲ. ಮೆನು ತೆರೆದರೆ ಗೊತ್ತಾಗುತ್ತದೆ. ಅವರು ತೆರೆಯುವುದಿಲ್ಲ. “ಒಂದೇ ಸಲದ್ದನ್ನ ನಂಬ್ಕೊಂಡು ಏನ್ ಹೇಳ್ಲಿ?”

ಅಷ್ಟರಲ್ಲಿ ಗೋಡೆಯಾಚೆ ಮೊದಲ ಮಗ್ಗ ಏಳುತ್ತದೆ. ಮೇಜು ಸಣ್ಣಗೆ ಅದುರುತ್ತದೆ. ಆ ಊರಿನ ತಂತಿಗಳೂ ನಡುಗತೊಡಗುತ್ತವೆ. ರವಿಚಂದ್ರರಿಗೆ ಒಂದೇ ಸಾಲು ಹೋಗುತ್ತದೆ: ‘ಇವತ್ತು ಹೇಳಕ್ಕಾಗಲ್ಲ, ಹಳೆಯದೇ ಇರಲಿ. ಬುಧವಾರ.’ ಗಂಡನ ಬೆರಳನ್ನು ಕೀಲಿಯಿಂದ ಮೆಲ್ಲಗೆ ಬಿಡಿಸಿ, ಜಾರಿದ ಟವೆಲನ್ನು ಅವರ ಹೆಗಲಿಗೆ ಹೊದಿಸುತ್ತಾರೆ.

ಡಬ್ಬಿ ಕಟ್ಟಿಕೊಂಡು ಚಪ್ಪಲಿ ಮೆಟ್ಟುವಾಗ, ಮಗ್ಗದ ಸದ್ದಿನ ನಡುವೆಯೂ ಭಾನುಪ್ರಿಯಾ ದನಿ ತಗ್ಗಿಸಿಯೇ ಮಾತಾಡುತ್ತಾರೆ.

“ಹೊಸ ಮಷಿನ್ನು ಗಿಷಿನ್ನು ಏನೂ ಬೇಡ ನಂಗೆ. ಡೇ ಶಿಫ್ಟ್ ಒಂದು ಕೊಟ್ಬಿಟ್ರೆ ಸಾಕು. ದಿನಾ ಬೆಳಿಗ್ಗೆ ಈ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿರ್ತೀನಿ. ಹಿಂದಿಂದ ಇವ್ರು ‘ತಿರುಗು’ ಅನ್ಬೇಕು, ಅಷ್ಟೇ.”