ಕಪಾಟಿನೊಳಗಿನ ವಾಸ

ಮದುವೆಯಾಗಿ ಪುಣೆಗೆ ಬಂದ ಮೇಲೆಯೇ ನನ್ನ ಗಂಡ ನನಗೆ ಚೆಲುವನಾಗಿ ಕಂಡದ್ದು. ಮೈಸೂರಿನಲ್ಲಿ ನನ್ನನ್ನು ನೋಡಲು ಬಂದಾಗ ಒಳ್ಳೆಯವನೆನಿಸಿದ್ದ, ಅಷ್ಟೇ. ಹಿಂಜವಾಡಿಯ ಬಾಡಿಗೆ ಮನೆಯಲ್ಲಿ, ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು ಹತ್ತಿರ ಬಂದು ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು. ಅವನ ಕತ್ತು ನೀಳವಾಗಿ ಕಾಣುತ್ತಿತ್ತು. ಸಂಜೆ ಬನಿಯನ್ನಿನಲ್ಲಿ ಕೂತವನು ಮತ್ತೆ ಮೈಸೂರಿನಲ್ಲಿ ನೋಡಿದವನೇ. ಇದನ್ನು ಆಗಲೇ ಗಮನಿಸಿದ್ದೆನೋ, ಬರೆಯುವಾಗ ಜೋಡಿಸುತ್ತಿದ್ದೇನೋ, ಖಚಿತವಿಲ್ಲ.

ಅವನ ಅಂಗಿಗಳು, ನನ್ನ ಕುರ್ತಾಗಳು ಎಲ್ಲವೂ ಒಂದೇ ಹಳೆಯ ಮರದ ಕಪಾಟಿನಲ್ಲಿದ್ದವು. ಅದು ಮನೆಯ ಜೊತೆಗೇ ಬಂದದ್ದು. ಮನೆಯೊಡತಿ ವಿಜಯಪುರದ ಕಡೆಯವರು, ಪುಣೆಯಲ್ಲೇ ಮುದುಕಿಯಾದವರು. ಒಂದು ಮಧ್ಯಾಹ್ನ ಸೋರುವ ನಲ್ಲಿ ನೋಡಲು ಬಂದವರು ಕಪಾಟಿನ ಬಾಗಿಲು ತೆರೆದು, ತಟ್ಟನೆ ಮುಚ್ಚಿದರು.

"ಅವಂದು ವಾಸ ಇನ್ನೂ ಅದ ನೋಡವಾ ಇದರಾಗ."

"ಯಾರದು?"

"ನಿಮಗಿಂತ ಮೊದಲ ಇದ್ದ ಹುಡುಗಂದು. ಅಂವ ಹೋಗಿ ಭಾಳ ದಿನಾತು. ಏನ್ ಮಾಡಿದ್ರೂ ಇದು ಹೋಗವಲ್ದು."

ನಾನು ಕಪಾಟಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. "ಕಪಾಟಲ್ಲಿ ವಾಸ ಇದ್ದಾನಾ ಅಜ್ಜಿ?"

ಅವರು ಸೊಂಟ ಹಿಡಿದುಕೊಂಡು ನಕ್ಕರು. "ಅಯ್ಯ ತಂಗಿ, ನಿನ್ನ ಮೈಸೂರ ಕನ್ನಡಕ್ಕ ಏನನ್ಲಿ! ವಾಸ ಅಂದ್ರ ವಾಸನಿ. ಮರಾಠ್ಯಾಗ ಹಂಗ ಅಂತಾರ, ನಮಗೂ ಅದ ರೂಢಿ ಆಗೇದ. ಎಂಥದೋ ಅತ್ತರ ಹಚ್ಚತಿದ್ದ. ಕಾಣಾಕ ಏನ್ ಛಂದ ಇದ್ದ ಅಂತಿ! ಉದ್ದನ್ನ ಕುತ್ತಿಗಿ."

ನಾನೂ ನಕ್ಕೆ. ಅವರು ಹೋದ ಮೇಲೆ ಕಪಾಟು ತೆರೆದು ಮುಖ ಒಳಗಿಟ್ಟೆ. ಲಾವಂಚದಂಥದು, ಅದರಡಿಯಲ್ಲಿ ಬಿಸಿಲಿಗೆ ಕಾದ ಮೈಯಂಥದು. ಬೆಳಿಗ್ಗೆ ನನ್ನ ಗಂಡನ ಅಂಗಿಯಿಂದ ಬರುತ್ತಿದ್ದುದೂ ಇದೇ. ನನ್ನ ಕೈ ತಾನಾಗಿಯೇ ಮುಂಗುರುಳು ಸರಿಮಾಡಿತು, ಯಾರೋ ಕೋಣೆಯೊಳಗೆ ಬಂದಾಗ ಮಾಡುವಂತೆ. ಯಾರೂ ಬಂದಿರಲಿಲ್ಲ.

ಹಾಗಾದರೆ ಇಷ್ಟು ತಿಂಗಳು ನನ್ನ ಮನಸ್ಸು ಹೋದದ್ದು ಯಾರ ಮೇಲೆ? ಎಂದೂ ಕಾಣದ ಒಬ್ಬನ ಕುತ್ತಿಗೆಯನ್ನು ನನ್ನ ಗಂಡನ ಹೆಗಲ ಮೇಲಿಟ್ಟು ನೋಡುತ್ತಿದ್ದೆನೆ? ಅಥವಾ ಅಜ್ಜಿ ಹೇಳಿದ ಮೇಲೆಯೇ ಆ ಕತ್ತು ನೀಳವಾಯಿತೋ? ನನ್ನ ನೆನಪು ಇಂಥಲ್ಲಿ ಸಾಕ್ಷಿ ಹೇಳಲು ಲಾಯಕ್ಕಲ್ಲ. ಗೊತ್ತಾಗಲೇಬೇಕಿತ್ತು. ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು ಒಗೆದೆ, ಬಾಲ್ಕನಿಯಲ್ಲಿ ಒಣಗಿಸಿ ಸೂಟ್‌ಕೇಸಿನಲ್ಲಿಟ್ಟೆ. ಕಪಾಟಿಗೆ ಬೀಗ ಹಾಕಿದೆ.

ಮರುದಿನ ಬೆಳಿಗ್ಗೆ ಅವನು ಬರೀ ಸೋಪಿನ ವಾಸನೆಯ ಅಂಗಿ ತೊಟ್ಟು ಎದುರು ನಿಂತ. ನನ್ನ ಕುರ್ತಾಕ್ಕೂ ಅದೇ ಸೋಪಿನ ವಾಸನೆ. ಕೆಳಗೆ ಕಂಪನಿಯ ಕ್ಯಾಬ್ ಹಾರ್ನ್ ಹೊಡೆಯುತ್ತಿತ್ತು. ನಾನು ಅವನ ಹಣೆ, ಮೂಗು, ಗಲ್ಲ ಒಂದೊಂದನ್ನೇ ನೋಡಿದೆ. ಎಲ್ಲ ಇದ್ದವು.

"ಏನು ಹಾಗ್ ನೋಡ್ತಿದ್ದೀಯಾ?" ಎಂದ.

"ಏನಿಲ್ಲ."

ಅವನೂ ನನ್ನನ್ನೇ ನೋಡುತ್ತಿದ್ದ. "ನೀನು ಯಾಕೋ ಬೇರೆ ಥರ ಕಾಣ್ತಿದ್ದೀಯಲ್ಲ ಇವತ್ತು," ಎಂದ.

ನನ್ನ ಹೆಗಲಿನವರೆಗೆ ಬಂದ ಅವನ ಕೈ, ಗುರುತಿಲ್ಲದವರನ್ನು ಮುಟ್ಟಿಬಿಟ್ಟೇನೆಂಬಂತೆ ಅಲ್ಲೇ ನಿಂತಿತು.