ಅತ್ತೆ ಮೆತ್ತುತ್ತಿದ್ದ ಕೆಮ್ಮಣ್ಣು

ನಮ್ಮತ್ತೆಯ ಬಲಗೈ ತೋರುಬೆರಳು ವರ್ಷವಿಡೀ ಕೆಂಪಗಿರುತ್ತಿತ್ತು. ಉಗುರಿನ ಸಂದಿಗೆ ಸೇರಿದ ಕೆಮ್ಮಣ್ಣು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆನವಟ್ಟಿಯ ಸುತ್ತಮುತ್ತ ಯಾರಿಗೆ ಸರ್ಪಸುತ್ತು ಎದ್ದರೂ ನಮ್ಮ ಜಗಲಿಗೆ ಬರುತ್ತಿದ್ದರು. ಸೊಂಟ ಬಳಸಿ ಏಳುವ ಆ ಗುಳ್ಳೆಸಾಲಿನ ತಲೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲವೆಂದು ಎಲ್ಲರೂ ನಂಬಿದ್ದ ಕಾಲ ಅದು. ಅವು ಕೂಡದಂತೆ ಅತ್ತೆ ನಡುವೆ ಕೆಮ್ಮಣ್ಣಿನ ಗಡಿ ಬರೆದು, ಗುಳ್ಳೆಗಳ ಮೇಲೂ ಅದನ್ನೇ ಮೆತ್ತಿ, "ಹೋಗ್ರಿ, ಇನ್ನು ಹಾವು ಮುಂದಕ್ಕೆ ಹೋಗಲ್ಲ" ಎಂದು ಕಳಿಸುತ್ತಿದ್ದರು. ಯಾರಿಂದಲೂ ಏನನ್ನೂ ಪಡೆದವರಲ್ಲ. ಕೈಗುಣ ಹೊಗಳಿದರೆ ಮಾತ್ರ ಮುಖ ಅರಳುತ್ತಿತ್ತು. ಹೊಗಳಿದವರಿಗೆ ಮಂಡಕ್ಕಿಯೂ ಸಿಗುತ್ತಿತ್ತು.

ನಾನು ಶಿಕಾರಿಪುರದಿಂದ ಸೊಸೆಯಾಗಿ ಬಂದ ಮರುವರ್ಷ ನನಗೇ ಸೊಂಟದ ಎಡಗಡೆ ಸರ್ಪಸುತ್ತು ಎದ್ದಿತು. ಗುಳ್ಳೆಗಳು ಬಾಡಿ ಉದುರಿದವು, ನೋವು ಮಾತ್ರ ಹೋಗಲೊಲ್ಲದು. ಸೀರೆ ಸೋಕಿದರೂ ಸೊಂಟ ಉರಿಯುತ್ತಿತ್ತು. ಕೊಡ ಹೊರಲಾರೆ, ಆ ಮಗ್ಗುಲಿಗೆ ಮಲಗಲಾರೆ. ನೋಡಿದರೆ ಮೈಮೇಲೆ ಏನೂ ಕಾಣದು. "ಕೆಲಸ ಅಂದ ಕೂಡ್ಲೆ ಸೊಂಟ ನೋವು ನೋಡ್ರೇ" ಎಂದು ಬಾವಿಕಟ್ಟೆಯ ಹೆಂಗಸರು ನಗುತ್ತಿದ್ದರು. ಇನ್ನು ಜನ್ಮಪೂರ್ತಿ ಹೀಗೇ ಎಂದು ನಾನು ಧೈರ್ಯ ಕಳೆದುಕೊಂಡಿದ್ದೆ. ಅತ್ತೆಯೋ, "ಹಾವು ಇನ್ನೂ ಒಳಗೆ ಮಿಸುಕಾಡ್ತಾ ಐತೆ" ಎಂದು ದಿನಾ ಬೆಳಿಗ್ಗೆ ಮಣ್ಣು ಮೆತ್ತುತ್ತಿದ್ದರು. ಅಲ್ಲಿಗೆ ನೀರು ಸೋಕಬಾರದೆಂಬ ಕಟ್ಟುನಿಟ್ಟು ಬೇರೆ.

ಅದೇ ಮಳೆಗಾಲದಲ್ಲಿ ಊರೂರಿಗೆ ಫ್ಲೂ ಜ್ವರ ಬಂತು. ನನ್ನನ್ನೂ ಬಿಡಲಿಲ್ಲ. ಒಂದೊಂದು ಕೆಮ್ಮಿಗೂ ಸೊಂಟದ ನೋವು ಪ್ರಾಣ ಹಿಂಡುತ್ತಿತ್ತು. ಅತ್ತೆ ಕೊತ್ತಂಬರಿ ಜೀರಿಗೆ ಕಷಾಯ ಕಾಸಿದರು, ತೆಳ್ಳಗಿನ ಗಂಜಿಯನ್ನು ಗದರಿಸಿ ಗದರಿಸಿ ಕುಡಿಸಿದರು. ಒಂದು ಮಧ್ಯಾಹ್ನ ಜ್ವರ ನೆತ್ತಿಗೇರಿ ನಾನು ಏನೇನೋ ಬಡಬಡಿಸಿದೆನಂತೆ. ಗಾಬರಿಯಲ್ಲಿ ಅವರು ತಮ್ಮ ಕಟ್ಟುನಿಟ್ಟನ್ನೇ ಮರೆತು, ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಇಡೀ ಮೈ ಒರೆಸಿಬಿಟ್ಟರು. ಸೊಂಟದ ಮಣ್ಣೆಲ್ಲ ತೊಳೆದುಹೋಯಿತು.

ಸಂಜೆ ಎಚ್ಚರವಾದಾಗ ಪಕ್ಕದಲ್ಲಿ ಮತ್ತೆ ಮಣ್ಣಿನ ಬಟ್ಟಲು! ಹೆದರುತ್ತಲೇ ಅಂದೆ: "ಅತ್ತೀ, ಇವತ್ತೊಂದಿನ ಬ್ಯಾಡ್ರಿ. ಮಣ್ಣಿಲ್ಲದ್ದಕ್ಕ ಉರಿ ಕಮ್ಮಿ ಆಗೇತ್ರಿ. ಒಣಗಿದ ಮ್ಯಾಲೆ ಅದು ಚರ್ಮ ಹಿಡಿದು ಎಳಿತೈತ್ರಿ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಿಮ್ ಕೈಗುಣಕ್ಕ ಹೆಸರಿಟ್ಟಂಗ ಆಗ್ತೈತಿ ಅಂತ..."

ಅತ್ತೆ ಬಟ್ಟಲು ತೆಗೆದುಕೊಂಡು ಎದ್ದು ಹೋದರು. ಸಿಟ್ಟು ಬಂತೆಂದೇ ನಾನು ತಿಳಿದೆ. ಮರುದಿನ ಅವರು ಮಾಡಿದ್ದು ಬೇರೆಯೇ. ಅದೇ ಮಣ್ಣನ್ನು ತಮ್ಮ ಸೊಂಟಕ್ಕೆ ಮೆತ್ತಿಕೊಂಡು, ಮೇಲೆ ಸೀರೆ ಬಿಗಿದು, ನೀರು ಸೇದಿ, ಕೊಟ್ಟಿಗೆ ಬಾಚಿ, ಅಡಿಗೆ ಮಾಡಿದ್ದರು. ಸಂಜೆ ಬಂದು ನನ್ನ ಹಾಸಿಗೆಯ ಅಂಚಿಗೆ ಕೂತರು.

"ಗಾಯ ಇಲ್ಲದ ಮೈನೇ ಹಿಂಗೆ ಎಳಿತದೆ. ನಿಂಗೆ ಹೆಂಗಾಗಿತ್ತೋ ತಾಯೀ" ಎಂದು ಕಣ್ಣೊರೆಸಿಕೊಂಡರು.

ಆಮೇಲೆ ಅವರು ತಮ್ಮ ಹಳೆಯ ಸೀರೆಯೊಂದನ್ನು ಹರಿದು ತುಂಡು ಮಾಡಿದರು. ಒಗೆದು ಒಗೆದು ಮೆತ್ತಗಾಗಿದ್ದ ಆ ಬಟ್ಟೆಯನ್ನು ನನ್ನ ಸೊಂಟಕ್ಕೆ ಸಡಿಲವಾಗಿ ಸುತ್ತಿ, ಅದರ ಮೇಲೆ ಸೀರೆ ಉಡಿಸುತ್ತಿದ್ದರು. ಉರಿ ಎದ್ದಾಗ ಒದ್ದೆ ಬಟ್ಟೆ ಇಡುತ್ತಿದ್ದರು. ಕುಬಟೂರಿನಿಂದ ಮಣ್ಣು ಹಚ್ಚಿಸಿಕೊಳ್ಳಲು ಬಂದವರಿಗೆ ಜಗಲಿಯಲ್ಲಿ ನಾಲ್ಕು ಜನರೆದುರಿಗೇ, "ನಾ ತಿಳ್ಕಂಡಿದ್ದು ತಪ್ಪಿತ್ತು ಕಣ್ರೀ. ಮಣ್ಣು ಬ್ಯಾಡ, ಡಾಕ್ಟ್ರಿಗೆ ತೋರಿಸ್ರಿ" ಅಂದರು. ಬಂದವರು ಮುಖ ಮುಖ ನೋಡಿಕೊಂಡರು. ಬರಬರುತ್ತಾ ನಮ್ಮ ಜಗಲಿ ಖಾಲಿಯಾಯಿತು. ಅತ್ತೆಗೆ ಅದರಿಂದ ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ನೋವು ಒಮ್ಮೆಗೇ ಹೋಗಲಿಲ್ಲ, ಇಷ್ಟಿಷ್ಟೇ ಸಡಿಲವಾಯಿತು. ದೀಪಾವಳಿ ಕಳೆಯುವಷ್ಟರಲ್ಲಿ ನಾನು ಎಡಮಗ್ಗುಲಿಗೆ ಹೊರಳಿ ನಿದ್ದೆ ಮಾಡುವಂತಾದೆ. ಅಲ್ಲಿಯವರೆಗೂ ನೀರು ತಂದವರು ಅತ್ತೆಯೇ. ಬಾವಿಕಟ್ಟೆಯಲ್ಲಿ ಒಬ್ಬಾಕೆ ಕೆಣಕಿದಳಂತೆ, "ಸೊಸೆ ಬಂದ ಮೇಲೂ ನೀವೇ ಹೊರ್ತೀರಲ್ರೀ, ಅವಳಿಗೆ ನಿಜವಾಗ್ಲೂ ನೋವು ಐತಾ?"

"ಐತೆ ಅಂತ ಅವಳು ಹೇಳಿದಾಳೆ. ನಂಗೆ ಅಷ್ಟು ಸಾಕು" ಅಂದರಂತೆ ಅತ್ತೆ.

ತವರಿನಲ್ಲೂ ನನ್ನ ಮಾತಿಗೆ ಅಷ್ಟು ಬೆಲೆ ಇರಲಿಲ್ಲ. ಎಷ್ಟೋ ವರ್ಷಗಳ ನಂತರ ಅತ್ತೆ ತೀರಿಕೊಂಡರು. ಅವತ್ತು ನಾನು ಅಳುತ್ತಿದ್ದುದನ್ನು ಕಂಡ ಪರ ಊರಿನವರೊಬ್ಬರು, "ಪಾಪ, ಹೆತ್ತ ಮಗಳಿರಬೇಕು" ಅಂದರು. ನಾನು ಹೌದೆಂದು ತಲೆಯಾಡಿಸಿದೆ.